ಸೋಟೊಗಾಗಿ ಐವರು ಹುಡುಗರನ್ನು ಕೊಟ್ಟದ್ದು ತಪ್ಪೇ?

ಪ್ರಶ್ನೆ: ಕೆಲಸದ ಮೇಲೆ ಸ್ಯಾನ್ ಡಿಯೇಗೊಗೆ ಬಂದು ಇಲ್ಲೇ ನೆಲೆಸಿದವನು ನಾನು. ಕ್ರಿಕೆಟ್ ನೋಡಿಕೊಂಡು ಬೆಳೆದರೂ ಈಗ ಮಕ್ಕಳ ದೆಸೆಯಿಂದ ಬೇಸ್‌ಬಾಲ್ ಹುಚ್ಚು ಹತ್ತಿದೆ. 2022ರಲ್ಲಿ ಹ್ವಾನ್ ಸೋಟೊನನ್ನು ತರಲು ನಮ್ಮ ಪ್ಯಾಡ್ರೆಸ್ ತಂಡ ಐವರು ಎಳೆಯ ಆಟಗಾರರನ್ನು ವಾಷಿಂಗ್ಟನ್ ನ್ಯಾಷನಲ್ಸ್‌ಗೆ ಕೊಟ್ಟಿತು. ಒಂದೂವರೆ ವರ್ಷ ಕಳೆಯುವುದರೊಳಗೆ ಸೋಟೊ ಯಾಂಕೀಸ್ ಪಾಲಾದ. ಕೊಟ್ಟ ಹುಡುಗರಲ್ಲಿ ಮೂವರು ಆಲ್‌ಸ್ಟಾರ್ ಆದರು, ಅಂದರೆ ವರ್ಷದ ಉತ್ತಮರ ಪಂದ್ಯಕ್ಕೆ ಆಯ್ಕೆಯಾದರು. ಆಫೀಸಿನಲ್ಲಿ ಎಲ್ಲರೂ ಅದನ್ನು ಶುದ್ಧ ದಡ್ಡತನ ಅನ್ನುತ್ತಾರೆ. 2025ರಲ್ಲಿ ಮತ್ತೆ ಲಿಯೊ ಡಿ ವ್ರೀಸ್‌ನನ್ನು ಕೊಟ್ಟು ಮೇಸನ್ ಮಿಲ್ಲರ್‌ನನ್ನು ತಂದರು. ಒಬ್ಬ ಸ್ಟಾರ್‌ಗಾಗಿ ತಂಡವೊಂದು ಹೀಗೆ ನಾಳೆಯನ್ನೇ ಅಡವಿಡಬಹುದೇ?

ಉತ್ತರ: ನಿಮ್ಮ ಆಫೀಸಿನವರ ಮಾತನ್ನು ನಾನು ಒಪ್ಪುವುದಿಲ್ಲ. 2022ರ ಆಗಸ್ಟ್ 2ರಂದು ಪ್ಯಾಡ್ರೆಸ್ ಮಾಡಿದ್ದು ಸರಿ. ಅದೇ ಸ್ಥಿತಿಯಲ್ಲಿ ಮತ್ತೆ ನಿಂತರೆ ಮತ್ತೆ ಅದನ್ನೇ ಮಾಡಬೇಕು. ತಪ್ಪು ನಡೆದದ್ದು ಆಮೇಲೆ, ಅದೂ ಜನ ಬೊಟ್ಟು ಮಾಡುವ ಕಡೆಯಲ್ಲಲ್ಲ. ಡಿ ವ್ರೀಸ್ ವಿಷಯದಲ್ಲಿ ಮಾತ್ರ ನನಗೂ ನಿಮ್ಮಷ್ಟೇ ಅಳುಕಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಐಪಿಎಲ್ ಕಣ್ಣಿನಿಂದ ನೋಡಿದರೆ ಬೇಸ್‌ಬಾಲ್ ಟ್ರೇಡ್ (ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು) ತಲೆಗೆ ಹತ್ತುವುದು ಕಷ್ಟ. ಅಲ್ಲಿ ಹರಾಜಿದೆ, ಕೆಲವು ವರ್ಷಕ್ಕೊಮ್ಮೆ ಬಹುಪಾಲು ಆಟಗಾರರು ಮತ್ತೆ ಮಾರುಕಟ್ಟೆಗೆ ಬರುತ್ತಾರೆ. ಹಾರ್ದಿಕ್ ಪಾಂಡ್ಯ ಗುಜರಾತಿನಿಂದ ಮುಂಬೈಗೆ ಹೋದದ್ದು ಬರೀ ಹಣದ ವ್ಯವಹಾರ. 2025ರ ಕೊನೆಯಲ್ಲಿ ಸಂಜು ಸ್ಯಾಮ್ಸನ್‌ಗಾಗಿ ಚೆನ್ನೈ ತಂಡ ಜಡೇಜಾ ಮತ್ತು ಸ್ಯಾಮ್ ಕರನ್ ಇಬ್ಬರನ್ನೂ ರಾಜಸ್ಥಾನಕ್ಕೆ ಬಿಟ್ಟುಕೊಟ್ಟಿತಲ್ಲ, ಅದು ಬೇಸ್‌ಬಾಲ್‌ಗೆ ಸ್ವಲ್ಪ ಹತ್ತಿರ. ಆದರೂ ಅಲ್ಲಿ ಕೈ ಬದಲಾದವರು ಮೂವರೂ ಹೆಸರು ಮಾಡಿದವರೇ. ಇನ್ನೂ ದೊಡ್ಡ ಲೀಗಿನ ಮುಖವನ್ನೇ ನೋಡದ, ಮೈನರ್ ಲೀಗಿನಲ್ಲಿ (ಎಳೆಯರು ಪಳಗುವ ಕೆಳಹಂತದ ಲೀಗಿನಲ್ಲಿ) ಬಸ್ಸಿನಲ್ಲಿ ಊರೂರು ಸುತ್ತುತ್ತಿರುವ ಹತ್ತೊಂಬತ್ತರ ಹುಡುಗನೇ ಚಲಾವಣೆಯ ನಾಣ್ಯವಾಗುವ ಪದ್ಧತಿ ಐಪಿಎಲ್‌ನಲ್ಲಿಲ್ಲ.

ಬೇಸ್‌ಬಾಲ್‌ನಲ್ಲಿ ಹೀಗಾಗಲು ಕಾರಣ ಸಂಬಳದ ನಿಯಮ. ಆಟಗಾರ ಮೇಜರ್ ಲೀಗಿಗೆ ಬಂದ ಮೇಲೆ ಆರು ವರ್ಷದ ಸೇವೆ ಮುಗಿಸುವವರೆಗೆ ತಂಡದ ಹಿಡಿತದಲ್ಲೇ ಇರುತ್ತಾನೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. 2022ರಲ್ಲಿ ಅದು 7 ಲಕ್ಷ ಡಾಲರ್ ಇತ್ತು. ಮುಂದಿನ ಮೂರು ವರ್ಷ ಮಾತುಕತೆಯಲ್ಲಿ, ಅದು ಮುರಿದರೆ ಮಧ್ಯಸ್ಥರ ಮುಂದೆ, ಸಂಬಳ ವರ್ಷವರ್ಷ ಏರುತ್ತದೆ. ಆರು ವರ್ಷ ತುಂಬಿದ ಮೇಲೆ ಅವನು ಫ್ರೀ ಏಜೆಂಟ್, ಯಾರು ಹೆಚ್ಚು ಕೊಡುತ್ತಾರೋ ಅವರ ಕಡೆ. ಅಂದರೆ ಒಳ್ಳೆಯ ಎಳೆಯ ಆಟಗಾರನೊಬ್ಬ ಕೈಯಲ್ಲಿದ್ದರೆ ತಂಡಕ್ಕೆ ಆರು ವರ್ಷದ ಆಟ ಅಗ್ಗದ ದರದಲ್ಲಿ ಸಿಕ್ಕ ಹಾಗೆ. ಜೊತೆಗೆ, ಕೆಲವು ವಿಶೇಷ ಸರದಿಗಳನ್ನು ಬಿಟ್ಟರೆ ಡ್ರಾಫ್ಟ್‌ನ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯ) ಸರದಿಯನ್ನು ಇಲ್ಲಿ ಬೇರೆ ತಂಡಕ್ಕೆ ಕೊಡುವಂತಿಲ್ಲ. ಸ್ಟಾರ್ ಬೇಕೆಂದರೆ ಹುಡುಗರನ್ನೇ ಎಣಿಸಿ ಕೊಡಬೇಕು.

ಅತ್ತ ಸ್ಟಾರ್‌ನ ಕಡೆ ನೋಡಿ. ಸೋಟೊ 19ನೇ ವಯಸ್ಸಿಗೇ, 2018ರಲ್ಲಿ, ನ್ಯಾಷನಲ್ಸ್‌ಗೆ ಆಡಲು ಬಂದವನು. ಮರುವರ್ಷವೇ ವರ್ಲ್ಡ್ ಸೀರೀಸ್ (ಲೀಗಿನ ಅಂತಿಮ ಸರಣಿ) ಗೆದ್ದ ತಂಡದಲ್ಲಿದ್ದ. ಅವನ ಆರು ವರ್ಷ ತುಂಬುವುದು 2024ರ ಕೊನೆಗೆ. ನ್ಯಾಷನಲ್ಸ್ 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆ ಅಂದರೂ ಅವನು ಬೇಡ ಅಂದ. ಅವನ ಏಜೆಂಟ್ ಸ್ಕಾಟ್ ಬೋರಾಸ್. ತನ್ನ ಆಟಗಾರರನ್ನು ಮುಕ್ತ ಮಾರುಕಟ್ಟೆಗೆ ಕರೆದೊಯ್ಯುವುದರಲ್ಲಿ ಬೋರಾಸ್‌ಗೆ ಇರುವಷ್ಟು ಹಟ ಇನ್ನಾರಿಗೂ ಇಲ್ಲ. ಆದ್ದರಿಂದ ಕೊಳ್ಳುವವರಿಗೆ ಲೆಕ್ಕ ಮೊದಲೇ ಗೊತ್ತಿತ್ತು: ಸೋಟೊನ ಎರಡೂವರೆ ಸೀಸನ್ ಸಿಗುತ್ತದೆ, ಆಮೇಲೆ ಅವನು ಹೋಗುತ್ತಾನೆ.

ಬೆಂಗಳೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವುದು ನಿಮಗೆ ಗೊತ್ತಿರುತ್ತದೆ. ಸ್ಟಾರ್ ಆಟಗಾರನ ಟ್ರೇಡ್ ಕ್ರಯಪತ್ರವಲ್ಲ, ಭೋಗ್ಯಪತ್ರ. ಮನೆ ನಿಮ್ಮದಾಗುವುದಿಲ್ಲ, ಗೊತ್ತಾದ ಅವಧಿಗೆ ವಾಸ ಮಾತ್ರ ನಿಮ್ಮದು. ಹಾಗಾಗಿ ಕೇಳಬೇಕಾದ್ದು ಸೋಟೊ ದೊಡ್ಡವನೋ ಆ ಐವರು ದೊಡ್ಡವರೋ ಎಂದಲ್ಲ. ಅವಧಿ ಎಷ್ಟು, ಆ ಅವಧಿಯಲ್ಲಿ ನಾವು ಗೆಲ್ಲುವ ಸ್ಥಿತಿಯಲ್ಲಿದ್ದೇವೆಯೇ, ಅವಧಿ ಮುಗಿಯುವ ಹೊತ್ತಿಗೆ ಮುಂಗಡದಲ್ಲಿ ಎಷ್ಟು ವಾಪಸು ಬರುತ್ತದೆ: ಇಷ್ಟು ಗೊತ್ತಾದರೆ ಟ್ರೇಡಿನ ಅರ್ಧ ನಿರ್ಧಾರ ಆದ ಹಾಗೆಯೇ.

ಕೊಟ್ಟದ್ದೇನು ಎಂಬುದನ್ನು ಆ ದಿನದ ಕಣ್ಣಿನಿಂದ ನೋಡೋಣ, ಇಂದಿನ ಕಣ್ಣಿನಿಂದ ಬೇಡ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್) ಸಿ.ಜೆ. ಏಬ್ರಮ್ಸ್, 21 ವರ್ಷ, 2019ರ ಡ್ರಾಫ್ಟ್‌ನಲ್ಲಿ ಆರನೆಯವನು. ಎಡಗೈ ಪಿಚರ್ (ಚೆಂಡು ಎಸೆಯುವವನು) ಮೆಕೆಂಜಿ ಗೋರ್, 2017ರಲ್ಲಿ ಮೂರನೆಯವನು. ಅವನಿಗೂ ಸೋಟೊಗೂ ವಯಸ್ಸಿನಲ್ಲಿ ನಾಲ್ಕೇ ತಿಂಗಳ ಅಂತರ, ಆ ಹೊತ್ತಿಗೆ ಮೊಣಕೈ ನೋವಿನಿಂದ ಹೊರಗೆ ಕೂತಿದ್ದ. ಔಟ್‌ಫೀಲ್ಡರ್ ರಾಬರ್ಟ್ ಹ್ಯಾಸೆಲ್, 2020ರಲ್ಲಿ ಎಂಟನೆಯವನು. ಎರಡನೇ ಸುತ್ತಿನಲ್ಲಿ ಆಯ್ಕೆಯಾದ, ಆರಡಿ ಏಳಂಗುಲದ ಜೇಮ್ಸ್ ವುಡ್, 19 ವರ್ಷ. 18 ವರ್ಷದ ಪಿಚರ್ ಹಾರ್ಲಿನ್ ಸುಸಾನಾ. ಇವರ ಜೊತೆಗೆ ಅನುಭವಿ ಲೂಕ್ ವಾಯ್ಟ್. ಬಂದವರು ಸೋಟೊ ಮತ್ತು ಜಾಷ್ ಬೆಲ್.

ವಾಯ್ಟ್ ಈ ಪಟ್ಟಿಗೆ ಸೇರಿದ ಕತೆ ಕೇಳಿದರೆ ಇಂಥ ವ್ಯವಹಾರ ಎಷ್ಟು ತೆಳು ದಾರದ ಮೇಲೆ ನಿಂತಿರುತ್ತದೆ ಎಂದು ಗೊತ್ತಾಗುತ್ತದೆ. ಮೊದಲು ಅವನ ಜಾಗದಲ್ಲಿ ಇದ್ದದ್ದು ಎರಿಕ್ ಹಾಸ್ಮರ್. ಹಾಸ್ಮರ್‌ನ ಒಪ್ಪಂದದಲ್ಲಿ, ಕೆಲವು ತಂಡಗಳಿಗೆ ತನ್ನನ್ನು ಕಳಿಸುವಂತಿಲ್ಲ ಎಂಬ ಷರತ್ತಿತ್ತು, ಆ ತಂಡಗಳಲ್ಲಿ ವಾಷಿಂಗ್ಟನ್ನೂ ಒಂದು. ಅವನು ಬರುವುದಿಲ್ಲ ಎಂದ. ಗಡುವು ಅದೇ ದಿನ ಸಂಜೆ. ಅವನನ್ನು ಬಾಸ್ಟನ್‌ಗೆ ಸಾಗಿಸಿ, ವಾಯ್ಟ್‌ನನ್ನು ಇತ್ತ ಸೇರಿಸಿ ಮುಗಿಸಿದರು.

ಈಗ ಒಬ್ಬ ಬ್ಯಾಟರ್‌ನಿಂದ ಏನಾದೀತು ಎಂಬ ಮಾತು. ಕ್ರಿಕೆಟ್ ನೋಡಿ ಬೆಳೆದವರು ಎಡವುವುದು ಇಲ್ಲಿಯೇ. ಕೊಹ್ಲಿ ಆರಂಭಿಕನಾಗಿ ಬಂದರೆ ಇಪ್ಪತ್ತು ಓವರೂ ನಿಲ್ಲಬಹುದು, ಅರ್ಧ ಎಸೆತಗಳನ್ನು ಒಬ್ಬನೇ ಆಡಬಹುದು. ಸೋಟೊಗೆ ಆ ಭಾಗ್ಯವಿಲ್ಲ. ಒಂಬತ್ತು ಜನರ ಸರದಿ ತಪ್ಪದೆ ತಿರುಗುತ್ತದೆ, ಒಂದು ಪಂದ್ಯದಲ್ಲಿ ಅವನಿಗೆ ಸಿಗುವುದು ನಾಲ್ಕೋ ಐದೋ ಅವಕಾಶ. ಕೊನೆಯ ಇನಿಂಗ್ಸ್, ಇಬ್ಬರು ಔಟ್, ಮೂರು ಬೇಸಿನಲ್ಲೂ ಓಟಗಾರರು, ಆಗ ಸರದಿ ಎಂಟನೇ ಬ್ಯಾಟರ್‌ನದಾದರೆ ಸೋಟೊ ಕಟ್ಟೆಯ ಮೇಲೆ ಕೂತು ನೋಡಬೇಕು, ಅಷ್ಟೇ. ಯಾವುದೇ ಕೋಚ್ ಅವನನ್ನು ಆ ಹೊತ್ತಿಗೆಂದು ಮೀಸಲಿಡಲಾರ.

ಅಂಕಿಅಂಶದವರು ಇದನ್ನು ಗೆಲುವಿನ ಲೆಕ್ಕಕ್ಕೆ ಇಳಿಸಿದ್ದಾರೆ. ಮೈನರ್ ಲೀಗಿನಿಂದ ಸುಲಭವಾಗಿ ಕರೆತರಬಹುದಾದ ಸಾಧಾರಣ ಆಟಗಾರನ ಬದಲು ಇವನಿದ್ದರೆ ಎಷ್ಟು ಗೆಲುವು ಹೆಚ್ಚು ಎಂಬುದೇ ಅಳತೆ. ಸೋಟೊನಂಥವನ ಅತ್ಯುತ್ತಮ ವರ್ಷಕ್ಕೆ ಸುಮಾರು ಎಂಟು ಗೆಲುವು. ವರ್ಷಕ್ಕೆ 162 ಪಂದ್ಯ. ಆಗಸ್ಟ್ ಮೊದಲ ವಾರದಲ್ಲಿ ಬಂದರೆ ಉಳಿದಿರುವುದು ಮೂರನೇ ಒಂದು ಭಾಗ. ಎರಡು ಮೂರು ಗೆಲುವು ಕಿತ್ತುಕೊಟ್ಟರೆ ಅದೇ ದೊಡ್ಡದು. ಲಾಸ್ ಏಂಜಲೀಸ್ ಏಂಜಲ್ಸ್ ತಂಡವನ್ನು ನೋಡಿ. 2018ರಿಂದ 2023ರವರೆಗೆ ಮೈಕ್ ಟ್ರೌಟ್ ಮತ್ತು ಶೋಹೆ ಒಟಾನಿ ಇಬ್ಬರೂ ಒಂದೇ ಅಂಗಿ ತೊಟ್ಟಿದ್ದರು. ಆ ಅವಧಿಯಲ್ಲಿ ಇಬ್ಬರೂ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದರು. ತಂಡ ಮಾತ್ರ ಆರು ವರ್ಷದಲ್ಲಿ ಒಮ್ಮೆಯೂ ಪ್ಲೇಆಫ್ ಕಾಣಲಿಲ್ಲ.

ಎರಡು ಮೂರು ಗೆಲುವಿಗೆ ಐವರು ಹುಡುಗರೇ ಎಂದು ನೀವು ಕೇಳಬಹುದು. ಎಲ್ಲ ಗೆಲುವಿಗೂ ಬೆಲೆ ಒಂದೇ ಅಲ್ಲ ಎನ್ನುವುದೇ ಇದಕ್ಕೆ ಉತ್ತರ. 70 ಗೆದ್ದ ತಂಡ 73 ಗೆದ್ದರೆ ಯಾರೂ ತಿರುಗಿ ನೋಡುವುದಿಲ್ಲ. 86ರಿಂದ 89ಕ್ಕೆ ಏರಿದರೆ ಅಕ್ಟೋಬರ್‌ನ, ಅಂದರೆ ಪ್ಲೇಆಫ್‌ನ, ಬಾಗಿಲು ತೆರೆಯುತ್ತದೆ. 2022ರಿಂದ ಪ್ಲೇಆಫ್‌ಗೆ 12 ತಂಡಗಳು ಹೋಗುತ್ತವೆ, ಅಲ್ಲಿ ಮೂರು, ಐದು, ಏಳು ಪಂದ್ಯಗಳ ಪುಟ್ಟ ಸರಣಿಗಳು. ಪುಟ್ಟ ಸರಣಿಯಲ್ಲಿ ಯಾರು ಯಾರನ್ನೂ ಕೆಡವಬಹುದು.

ಪ್ಯಾಡ್ರೆಸ್ ಆ ವರ್ಷ ಸರಿಯಾಗಿ 89 ಗೆದ್ದರು. ಅದೇ ವಿಭಾಗದ ಡಾಡ್ಜರ್ಸ್ ಗೆದ್ದದ್ದು 111. ಇಪ್ಪತ್ತೆರಡು ಪಂದ್ಯಗಳ ಅಂತರ! ಆದರೂ ಅಕ್ಟೋಬರ್‌ನಲ್ಲಿ ಮೊದಲು ಮೆಟ್ಸ್‌ಗೆ ಮನೆ ದಾರಿ ತೋರಿಸಿ, ಆಮೇಲೆ ಇದೇ ಡಾಡ್ಜರ್ಸ್ ಅನ್ನು 3-1ರಿಂದ ಉರುಳಿಸಿದ್ದು ಪ್ಯಾಡ್ರೆಸ್ಸೇ. ತವರಿನ ಅಂಗಳ ಪೆಟ್ಕೊ ಪಾರ್ಕ್‌ನಲ್ಲಿ ನಡೆದ ನಾಲ್ಕನೇ ಪಂದ್ಯದಲ್ಲಿ ಏಳನೇ ಇನಿಂಗ್ಸ್‌ವರೆಗೆ 0-3ರ ಹಿನ್ನಡೆ. ಆ ಇನಿಂಗ್ಸಿನಲ್ಲಿ ಒಂದರ ಹಿಂದೊಂದು ಹಿಟ್ ಬಿದ್ದು, ಸೋಟೊನ ಹೊಡೆತದಿಂದ 3-3 ಆಯಿತು. ಆಮೇಲೆ ಜೇಕ್ ಕ್ರೋನೆನ್‌ವರ್ತ್ ಇಬ್ಬರನ್ನು ಮನೆ ಸೇರಿಸಿ 5-3 ಮಾಡಿದ. ಗಮನಿಸಿ, ಟ್ರೇಡ್ ಆದ ಮೇಲಿನ ಎರಡು ತಿಂಗಳು ಸೋಟೊ ಬ್ಯಾಟಿಂಗ್ ಸರಾಸರಿ .236, ಅವನ ಮಟ್ಟಕ್ಕೆ ಕಳಪೆ. ಬೇಕಾದ ರಾತ್ರಿ ಬೇಕಾದ ಒಂದು ಹಿಟ್ ಬಂತು. ಮುಂದಿನ ಸುತ್ತಿನಲ್ಲಿ ಫಿಲಡೆಲ್ಫಿಯಾ 4-1ರಿಂದ ಗೆದ್ದು ಆಸೆಗೆ ತೆರೆ ಎಳೆಯಿತು.

1969ರಲ್ಲಿ ಹುಟ್ಟಿದ ಪ್ಯಾಡ್ರೆಸ್ ಇವತ್ತಿನವರೆಗೆ ಒಂದೂ ವರ್ಲ್ಡ್ ಸೀರೀಸ್ ಗೆದ್ದಿಲ್ಲ. 1984, 1998 ಎರಡು ಬಾರಿ ಹೋಗಿ ಸೋತು ಬಂದರು. 2017ರಲ್ಲಿ ಚಾರ್ಜರ್ಸ್ ಫುಟ್‌ಬಾಲ್ ತಂಡ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿದ ಮೇಲೆ ಊರಿಗೆ ದೊಡ್ಡ ತಂಡ ಅಂತ ಉಳಿದದ್ದು ಇದೊಂದೇ. 2023ರಲ್ಲಿ ಪೆಟ್ಕೊ ಪಾರ್ಕ್‌ಗೆ 32 ಲಕ್ಷಕ್ಕೂ ಹೆಚ್ಚು ಜನ ಬಂದರು. ಅಂಥ ಊರಿನಲ್ಲಿ, ಗೆಲ್ಲುವ ಹೊಸ್ತಿಲಲ್ಲಿ ನಿಂತಿರುವಾಗ, 23 ವರ್ಷದ ಸೋಟೊ ಮಾರಾಟಕ್ಕಿದ್ದಾನೆ ಎಂದರೆ ಕೈಕಟ್ಟಿ ಕೂರುವುದು ನನ್ನ ಮಟ್ಟಿಗೆ ಜಾಣತನವಲ್ಲ, ಹೆದರಿಕೆ.

ಇಂಥ ವಾದಗಳಲ್ಲಿ ಡೆಟ್ರಾಯಿಟ್‌ನ ಹಳೆಯ ಕತೆಯನ್ನು ಯಾರಾದರೂ ಎತ್ತದೆ ಬಿಡುವುದಿಲ್ಲ. 1987ರ ಆಗಸ್ಟ್. ಟೈಗರ್ಸ್ ತಂಡ 36 ವರ್ಷದ ಪಿಚರ್ ಡಾಯ್ಲ್ ಅಲೆಕ್ಸಾಂಡರ್‌ನನ್ನು ಅಟ್ಲಾಂಟಾದಿಂದ ತಂದಿತು. ಬದಲಿಗೆ ಕೊಟ್ಟದ್ದು ಮಿಷಿಗನ್‌ನಲ್ಲೇ ಹುಟ್ಟಿ ಬೆಳೆದ 20 ವರ್ಷದ ಹುಡುಗ ಜಾನ್ ಸ್ಮೋಲ್ಟ್ಸ್. ಅಲೆಕ್ಸಾಂಡರ್ 11 ಪಂದ್ಯ ಶುರು ಮಾಡಿ 9 ಗೆದ್ದ, ಒಂದೂ ಸೋಲಲಿಲ್ಲ, ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಕಡಿಮೆಯಿದ್ದಷ್ಟು ಒಳ್ಳೆಯದು) 1.53. ಟೈಗರ್ಸ್ ಕೊನೆಯ ವಾರಾಂತ್ಯದಲ್ಲಿ ಟೊರೊಂಟೊವನ್ನು ಮೂರಕ್ಕೆ ಮೂರೂ ಸೋಲಿಸಿ, ಎರಡು ಪಂದ್ಯದ ಅಂತರದಲ್ಲಿ ವಿಭಾಗ ಗೆದ್ದರು. ಪ್ಲೇಆಫ್‌ನಲ್ಲಿ ಅದೇ ಅಲೆಕ್ಸಾಂಡರ್ ಎರಡು ಪಂದ್ಯ ಸೋತ, ಮಿನೆಸೋಟ ಮುಂದೆ ಹೋಯಿತು. ಸ್ಮೋಲ್ಟ್ಸ್ ಅಟ್ಲಾಂಟಾದಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದು, ಒಟ್ಟು 213 ಗೆಲುವು, 154 ಸೇವ್ (ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಯ್ದ ಪಂದ್ಯಗಳು) ಗಳಿಸಿ, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಚರಿತ್ರೆಯ ಅತಿ ಕೆಟ್ಟ ಟ್ರೇಡ್‌ಗಳ ಪಟ್ಟಿ ಮಾಡುವವರು ಇದನ್ನು ಮೇಲೆಯೇ ಇಡುತ್ತಾರೆ. ನನಗೆ ಹಾಗನ್ನಿಸಿಲ್ಲ. ಎರಡು ಪಂದ್ಯದ ಅಂತರದಲ್ಲಿ ಗೆದ್ದ ವಿಭಾಗದಲ್ಲಿ ಒಂಬತ್ತು ಗೆಲುವು ಕೊಟ್ಟ ಪಿಚರ್ ಅವನು. ಅವನಿಲ್ಲದಿದ್ದರೆ ಆ ಅಕ್ಟೋಬರ್ ಡೆಟ್ರಾಯಿಟ್‌ಗೆ ಇರುತ್ತಲೇ ಇರಲಿಲ್ಲ. ಆದರೆ ಮುದಿ ಪಿಚರ್ ಒಬ್ಬನಿಗೆ ಕೊಟ್ಟ ಬೆಲೆ ಹೆಚ್ಚಾಯಿತು ಎಂಬುದು ನಿಜ. ಸೋಟೊ ವ್ಯವಹಾರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಬ್ಬ ಆಟದ ಕೊನೆಗಾಲದಲ್ಲಿದ್ದ, ಇನ್ನೊಬ್ಬ ಇನ್ನೂ ಏರುಗಾಲದಲ್ಲಿದ್ದ. ಮೇಲಾಗಿ ಸೋಟೊ ತಂದದ್ದು ಒಂದಲ್ಲ, ಮೂರು ಅಕ್ಟೋಬರ್‌ಗಳ ಹಕ್ಕು.

ಬೇರೆ ರೀತಿಯ ಮುಕ್ತಾಯಗಳೂ ಇವೆ. 2008ರಲ್ಲಿ ಮಿಲ್ವಾಕಿ ಬ್ರೂವರ್ಸ್ ಸಿ.ಸಿ. ಸಬಾಥಿಯಾನನ್ನು ಅರ್ಧ ಸೀಸನ್‌ಗೆ ತಂದರು. ಅವನು 11 ಗೆದ್ದು 2 ಸೋತ, ಏಳು ಬಾರಿ ಇಡೀ ಪಂದ್ಯವನ್ನು ಒಬ್ಬನೇ ಎಸೆದು ಮುಗಿಸಿದ, 1982ರ ನಂತರ ಮೊದಲ ಬಾರಿಗೆ ತಂಡ ಪ್ಲೇಆಫ್ ಕಂಡಿತು. ಕಪ್ ಬರಲಿಲ್ಲ, ಆದರೂ ಆ ಟ್ರೇಡನ್ನು ಮಿಲ್ವಾಕಿಯವರು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. 2016ರಲ್ಲಿ ಕಬ್ಸ್ ತಂಡ ಅರೋಲ್ಡಿಸ್ ಚಾಪ್‌ಮನ್‌ಗಾಗಿ ಗ್ಲೇಬರ್ ಟಾರಸ್ ಎಂಬ ಹುಡುಗನನ್ನು ಯಾಂಕೀಸ್‌ಗೆ ಕೊಟ್ಟಿತು. 1908ರ ನಂತರದ ಮೊದಲ ಕಪ್ ಬಂತು. ಸೀಸನ್ ಮುಗಿದ ಕೂಡಲೇ ಚಾಪ್‌ಮನ್ ವಾಪಸು ಯಾಂಕೀಸ್‌ಗೇ ಹೋದ! ಕೊಟ್ಟವನೂ ತಂದವನೂ ಇಬ್ಬರೂ ಅಲ್ಲಿಗೇ ಸೇರಿದರು. ಶಿಕಾಗೊದಲ್ಲಿ ಯಾರೂ ಗೊಣಗಲಿಲ್ಲ. ನೂರೆಂಟು ವರ್ಷ ಕಾದವರಿಗೆ ಟಾರಸ್ ಯಾವ ಲೆಕ್ಕ?

ಸರಿ, ಪ್ಯಾಡ್ರೆಸ್‌ಗೆ 2023ರಲ್ಲಿ ಏನಾಯಿತು? ಸೋಟೊ 162 ಪಂದ್ಯವನ್ನೂ ಆಡಿದ. 35 ಹೋಮ್ ರನ್ (ನಮ್ಮ ಸಿಕ್ಸರ್‌ನಂಥದ್ದು), 132 ವಾಕ್ (ಪಿಚರ್‌ನ ನಾಲ್ಕು ಕೆಟ್ಟ ಎಸೆತಗಳಿಂದ ಪುಕ್ಕಟೆ ಸಿಗುವ ಮೊದಲ ಬೇಸ್). ತಂಡ ಎದುರಾಳಿಗಳಿಗಿಂತ ನೂರಕ್ಕೂ ಹೆಚ್ಚು ರನ್ ಜಾಸ್ತಿ ಗಳಿಸಿತು. ಅಷ್ಟು ರನ್ ಮೇಲಿರುವ ತಂಡ ಸಾಮಾನ್ಯವಾಗಿ 90ರ ಮೇಲೆ ಗೆಲ್ಲುತ್ತದೆ. ಇವರು ಗೆದ್ದದ್ದು 82. ಒಂದೇ ರನ್ ಅಂತರದ ಪಂದ್ಯಗಳಲ್ಲಿ 9 ಗೆಲುವು, 23 ಸೋಲು. ಹೆಚ್ಚುವರಿ ಇನಿಂಗ್ಸಿಗೆ ಹೋದ ಪಂದ್ಯಗಳಲ್ಲಿ 2 ಗೆಲುವು, 12 ಸೋಲು. ಇದರಲ್ಲಿ ಒಂದಷ್ಟು ಬುಲ್‌ಪೆನ್ನಿನ (ನಡುವೆ ಬಂದು ಎಸೆಯುವ ಬದಲಿ ಪಿಚರ್‌ಗಳ) ದೌರ್ಬಲ್ಯ, ಒಂದಷ್ಟು ಗ್ರಹಚಾರ. ಸೋಟೊ ಮೇಲೆ ಹೊರಿಸಲು ಮಾತ್ರ ಏನೂ ಇಲ್ಲ.

ಹಣದ ಕಡೆಯಿಂದಲೂ ಏಟು ಬಿತ್ತು. ಪಂದ್ಯಗಳನ್ನು ಪ್ರಸಾರ ಮಾಡುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಕಂಪನಿ ದಿವಾಳಿಗೆ ಹೋಗಿ, ಆ ವರ್ಷದ ಮೇ ಕೊನೆಗೆ ಪ್ಯಾಡ್ರೆಸ್ ಒಪ್ಪಂದವನ್ನು ಕೈಬಿಟ್ಟಿತು. ಖರ್ಚಿಗೆ ಹಿಂದೆಮುಂದೆ ನೋಡದ ಮಾಲೀಕ ಪೀಟರ್ ಸೈಡ್ಲರ್ ನವೆಂಬರ್‌ನಲ್ಲಿ ತೀರಿಕೊಂಡರು. ಸೋಟೊನ ಸಂಬಳ 2.3 ಕೋಟಿ ಡಾಲರ್‌ನಿಂದ 3.1 ಕೋಟಿಗೆ ಏರುವುದರಲ್ಲಿತ್ತು. ಡಿಸೆಂಬರ್‌ನಲ್ಲಿ ಅವನನ್ನು ಯಾಂಕೀಸ್‌ಗೆ ಕಳಿಸಿದರು.

ನನ್ನ ದೃಷ್ಟಿಯಲ್ಲಿ ನಿಜವಾದ ತಪ್ಪು 2022ರ ಡಿಸೆಂಬರ್‌ನಲ್ಲಿ ನಡೆಯಿತು. ಆಗ ಪ್ಯಾಡ್ರೆಸ್ 30 ವರ್ಷದ ಶಾರ್ಟ್‌ಸ್ಟಾಪ್ ಕ್ಸಾಂಡರ್ ಬೊಗಾರ್ಟ್ಸ್‌ಗೆ 11 ವರ್ಷಕ್ಕೆ 28 ಕೋಟಿ ಡಾಲರ್ ಬರೆದುಕೊಟ್ಟರು. ನಾಲ್ಕು ತಿಂಗಳ ಹಿಂದಷ್ಟೇ ಅದೇ ಜಾಗದ ಏಬ್ರಮ್ಸ್‌ನನ್ನು, ಕನಿಷ್ಠ ಸಂಬಳದವನನ್ನು, ಕೊಟ್ಟಿದ್ದರು. ಏಬ್ರಮ್ಸ್‌ನನ್ನು ಕೊಟ್ಟದ್ದು ತಪ್ಪಲ್ಲ; ತಂಡದಲ್ಲಿ ಫೆರ್ನಾಂಡೊ ಟಾಟೀಸ್ ಇದ್ದ, ಹಾ ಸಾಂಗ್ ಕಿಮ್ ಇದ್ದ, ಶಾರ್ಟ್‌ಸ್ಟಾಪ್ ಜಾಗಕ್ಕೆ ಬರವಿರಲಿಲ್ಲ. ಬರವಿಲ್ಲದ ಜಾಗಕ್ಕೇ ಮತ್ತೆ ಹಣ ಸುರಿದದ್ದು ತಪ್ಪು. ಆ ಹಣ ಕೈಯಲ್ಲಿದ್ದಿದ್ದರೆ, ಟಿವಿ ಆದಾಯ ಕೈಕೊಟ್ಟಾಗ ಸೋಟೊನ ಮೂರನೇ ಅಕ್ಟೋಬರ್ ಅನ್ನು ಮಾರಬೇಕಾಗಿ ಬರುತ್ತಿರಲಿಲ್ಲವೇನೋ. ಹುಡುಗರನ್ನು ಕೊಟ್ಟ ಖರ್ಚು ಟ್ರೇಡ್ ದಿನದ ಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ, ಅವರ ಜಾಗ ತುಂಬಲು ಮುಂದೆ ಕೊಡುವ ಸಂಬಳದಲ್ಲಿ ಕಾಣುತ್ತದೆ. ಒಂದು ತಂಡ ಸ್ಟಾರ್‌ಗೆ ಕೈ ಹಾಕುವ ಮೊದಲು ಮುಂದಿನ ಮೂರು ವರ್ಷದ ಸಂಬಳದ ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು ಕೂರಬೇಕು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಮುಂಗಡದಲ್ಲಿ ವಾಪಸು ಬಂದದ್ದು. ನಿಮ್ಮ ಆಫೀಸಿನವರು ಇದನ್ನು ಮರೆತೇಬಿಡುತ್ತಾರೆ. ಸೋಟೊ ಮತ್ತು ಟ್ರೆಂಟ್ ಗ್ರಿಷಮ್‌ಗೆ ಬದಲಾಗಿ ಯಾಂಕೀಸ್ ಕೊಟ್ಟದ್ದು ಐವರನ್ನು. ಅವರಲ್ಲಿ ಮೈಕಲ್ ಕಿಂಗ್ 2024ರಲ್ಲಿ 2.95ರ ಇಆರ್‌ಎ, 201 ಸ್ಟ್ರೈಕ್‌ಔಟ್‌ಗಳೊಂದಿಗೆ ತಂಡದ ಮುಂಚೂಣಿ ಪಿಚರ್ ಆದ. ಡ್ರೂ ಥಾರ್ಪ್‌ನನ್ನು ಮಾರ್ಚ್‌ನಲ್ಲಿ ಇನ್ನೂ ಕೆಲವರ ಜೊತೆ ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಡಿಲನ್ ಸೀಸ್‌ನನ್ನು ತಂದರು. ಅದೇ ವರ್ಷ ಜುಲೈ 25ರಂದು ಸೀಸ್ ಒಂದೂ ಹಿಟ್ ಕೊಡದೆ ಪೂರ್ತಿ ಪಂದ್ಯ ಎಸೆದ, ಪ್ಯಾಡ್ರೆಸ್ ಚರಿತ್ರೆಯಲ್ಲಿ ಅದು ಎರಡನೇ ನೋ ಹಿಟ್ಟರ್. ಎದುರಾಳಿ ಯಾರು ಗೊತ್ತೇ? ವಾಷಿಂಗ್ಟನ್ ನ್ಯಾಷನಲ್ಸ್, ಅದೂ ಅವರದೇ ಅಂಗಳದಲ್ಲಿ. ಸೋಟೊನನ್ನು ಮಾರಿದವರ ಮೇಲೆಯೇ ಸೋಟೊನಿಂದ ಬಂದ ಸರಪಳಿಯ ಕೊನೆಯ ಕೊಂಡಿ ಹೋಗಿ ಬಿತ್ತು. ಆ ವರ್ಷ ಪ್ಯಾಡ್ರೆಸ್ 93 ಗೆದ್ದು, ಮುಂದೆ ಕಪ್ ಗೆದ್ದ ಡಾಡ್ಜರ್ಸ್ ಅನ್ನು ಐದನೇ ಪಂದ್ಯದವರೆಗೆ ಎಳೆದರು. (ಜೊತೆಗಿರಲಿ ಎಂದು ಕಳಿಸಿಕೊಟ್ಟ ಗ್ರಿಷಮ್ 2025ರಲ್ಲಿ ಯಾಂಕೀಸ್‌ಗೆ 34 ಹೋಮ್ ರನ್ ಹೊಡೆದ. ಇಂಥದ್ದನ್ನು ಯಾವ ತಜ್ಞನೂ ಮೊದಲೇ ಹೇಳಲಾರ, ನಾನೂ ಸೇರಿ.)

ಯಾಂಕೀಸ್ ಕಡೆ ನೋಡಿದರೆ ಅವರು ತಂದದ್ದು ಒಂದೇ ವರ್ಷದ ಭೋಗ್ಯ. ಸೋಟೊ 41 ಹೋಮ್ ರನ್ ಹೊಡೆದ. ಪ್ಲೇಆಫ್‌ನಲ್ಲಿ ಕ್ಲೀವ್‌ಲೆಂಡ್ ವಿರುದ್ಧದ ಐದನೇ ಪಂದ್ಯ, ಹತ್ತನೇ ಇನಿಂಗ್ಸ್, 2-2. ಹಂಟರ್ ಗ್ಯಾಡಿಸ್ ಎಸೆಯುತ್ತಿದ್ದಾನೆ. ಅವನ ತಿರುವಿನ ಎಸೆತಗಳನ್ನು ಸೋಟೊ ಒಂದಾದ ಮೇಲೊಂದು ಫೌಲ್ ಮಾಡುತ್ತ, ಪ್ರತಿ ಸಲವೂ ಪಿಚರ್ ಕಡೆ ನೋಡಿ ತಲೆಯಾಡಿಸುತ್ತ ನಿಂತಿದ್ದಾನೆ. ಕೊನೆಗೆ ವೇಗದ ಎಸೆತ ಬಂತು, ಚೆಂಡು ಗೋಡೆಯ ಆಚೆ ಹೋಯಿತು, ಮೂರು ರನ್. 2009ರ ನಂತರ ಯಾಂಕೀಸ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ತಲುಪಿದ್ದು ಆ ಹೊಡೆತದಿಂದ. ಅಲ್ಲಿ ಡಾಡ್ಜರ್ಸ್‌ಗೆ ಸೋತರು, ಡಿಸೆಂಬರ್‌ನಲ್ಲಿ ಸೋಟೊ ಪಕ್ಕದ ಬೀದಿಯ ಮೆಟ್ಸ್‌ಗೆ 15 ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ಹೋದ. ಯಾಂಕೀಸ್ ಕಿಂಗ್‌ನನ್ನು ಕಳೆದುಕೊಂಡರು. ಅವರು ಮತ್ತೆ ಅದನ್ನೇ ಮಾಡುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನ್ಯಾಷನಲ್ಸ್ ಗೆದ್ದರೇ? ಆಟಗಾರರ ಲೆಕ್ಕದಲ್ಲಿ ಹೌದು. ಏಬ್ರಮ್ಸ್ 2024ರಲ್ಲಿ ಆಲ್‌ಸ್ಟಾರ್, ಗೋರ್ ಮತ್ತು ವುಡ್ 2025ರಲ್ಲಿ. ವುಡ್ ಆ ವರ್ಷ 31 ಹೋಮ್ ರನ್ ಹೊಡೆದ. ಎಂಟನೆಯವನಾಗಿ ಆಯ್ಕೆಯಾದ ಹ್ಯಾಸೆಲ್ ಮೇಜರ್ ಲೀಗ್ ತಲುಪಲು 2025 ಆಯಿತು. ಎರಡನೇ ಸುತ್ತಿನ ವುಡ್ ಎಲ್ಲರನ್ನೂ ಮೀರಿಸಿದ. ಹುಡುಗರ ಜಾತಕ ಬರೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಇಷ್ಟು ಸಾಕು. ಆದರೆ ತಂಡ? 2023ರಲ್ಲಿ 71 ಗೆಲುವು, 2024ರಲ್ಲಿ ಮತ್ತೆ 71, 2025ರಲ್ಲಿ 66. ಆ ವರ್ಷದ ಜುಲೈನಲ್ಲಿ ಸೋಟೊನನ್ನು ಮಾರಿದ ಜನರಲ್ ಮ್ಯಾನೇಜರ್ ಮೈಕ್ ರಿಜೊ ಅವರನ್ನೂ ಮ್ಯಾನೇಜರ್ ಡೇವ್ ಮಾರ್ಟಿನೆಸ್ ಅವರನ್ನೂ ಮನೆಗೆ ಕಳಿಸಿದರು. ಅಗ್ಗದ ವರ್ಷಗಳನ್ನು ಗುಡ್ಡೆ ಹಾಕಿಕೊಂಡರೆ ಸಾಲದು, ಅದರ ಮೇಲೆ ಕಟ್ಟುವ ಹಣ ಮತ್ತು ಬುದ್ಧಿ ಎರಡೂ ಬೇಕು. ನಾಳೆಯನ್ನು ಉಳಿಸಿಕೊಂಡವರಿಗೆ ನಾಳೆ ಬಂದೇ ಬರುತ್ತದೆ ಎಂಬ ಖಾತ್ರಿಯೇನೂ ಇಲ್ಲ.

ಹಾಗಾದರೆ ಯಾರು ಕೊಳ್ಳಬಾರದು? ಗೆಲ್ಲುವ ಸ್ಥಿತಿ ಇಲ್ಲದವರು. 2023ರ ಜುಲೈನಲ್ಲಿ ಏಂಜಲ್ಸ್ ತಂಡ ಒಟಾನಿಯನ್ನು ಮಾರದೆ ಉಳಿಸಿಕೊಂಡು, ಲೂಕಸ್ ಜಿಯೊಲಿಟೊನನ್ನು ತರಲು ತನ್ನ ಒಳ್ಳೆಯ ಹುಡುಗರನ್ನು ಕೊಟ್ಟಿತು. ಆಗಸ್ಟ್ ಶುರುವಿನಲ್ಲಿ ಸೋಲಿನ ಸರಮಾಲೆ. ತಿಂಗಳ ಕೊನೆಗೆ ಅದೇ ಜಿಯೊಲಿಟೊನನ್ನು, ಇನ್ನೂ ಹಲವರನ್ನು, ಸಂಬಳ ಉಳಿದರೆ ಸಾಕೆಂದು ವೇವರ್ಸ್‌ಗೆ (ಬೇಕಾದ ತಂಡ ಸಂಬಳ ಹೊತ್ತು ಒಯ್ಯಬಹುದಾದ ಪಟ್ಟಿಗೆ) ಹಾಕಿ ಪುಕ್ಕಟೆಯಾಗಿ ಬಿಟ್ಟರು. ಚಳಿಗಾಲದಲ್ಲಿ ಒಟಾನಿಯೂ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದ. ಕೊಳ್ಳುವುದಕ್ಕೂ ಮಾರುವುದಕ್ಕೂ ಒಟ್ಟಿಗೆ ಹೊರಟು ಎರಡರಲ್ಲೂ ಕೈ ಸುಟ್ಟುಕೊಂಡವರು ಅವರು.

ಸ್ಟಾರ್ ಬಂದ ಮೇಲೆ ದೀರ್ಘ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಕೆಲವೊಮ್ಮೆ ಆಗುತ್ತದೆ. 2020ರಲ್ಲಿ ಡಾಡ್ಜರ್ಸ್ ಮೂಕಿ ಬೆಟ್ಸ್‌ನನ್ನು ಬಾಸ್ಟನ್‌ನಿಂದ ಒಂದೇ ವರ್ಷಕ್ಕೆಂದು ತಂದು, ಅದೇ ಜುಲೈನಲ್ಲಿ 12 ವರ್ಷಕ್ಕೆ 36.5 ಕೋಟಿ ಡಾಲರ್‌ಗೆ ಕಟ್ಟಿಹಾಕಿದರು. ಅಲ್ಲಿಂದೀಚೆಗೆ ಅವನ ಜೊತೆ ಮೂರು ಕಪ್. ಆದರೆ ಅದನ್ನು ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಬಾರದು. ಬಂದರೆ ಲಾಭ, ಅಷ್ಟೇ.

ಈಗ ನಿಮ್ಮ ಎರಡನೇ ಪ್ರಶ್ನೆ, ರಿಲೀಫ್ ಪಿಚರ್ (ಕೊನೆಯ ಇನಿಂಗ್ಸ್‌ಗಳಿಗೆ ಬಂದು ಎಸೆಯುವವನು) ಮಿಲ್ಲರ್. ಪ್ಯಾಡ್ರೆಸ್‌ನ ಜನರಲ್ ಮ್ಯಾನೇಜರ್ ಎ.ಜೆ. ಪ್ರೆಲರ್ 2025ರ ಜುಲೈ 31ರಂದು 18 ವರ್ಷದ ಶಾರ್ಟ್‌ಸ್ಟಾಪ್ ಡಿ ವ್ರೀಸ್ ಮತ್ತು ಮೂವರು ಪಿಚರ್‌ಗಳನ್ನು ಅಥ್ಲೆಟಿಕ್ಸ್‌ಗೆ ಕೊಟ್ಟು ಮಿಲ್ಲರ್ ಮತ್ತು ಜೆ.ಪಿ. ಸಿಯರ್ಸ್ ಅವರನ್ನು ತಂದರು. ಅವಧಿಯ ಲೆಕ್ಕದಲ್ಲಿ ಇದು ಸೋಟೊ ವ್ಯವಹಾರಕ್ಕಿಂತ ಮೇಲು: ಮಿಲ್ಲರ್ 2029ರವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಚೆಂಡು ಗಂಟೆಗೆ 100 ಮೈಲಿ ದಾಟುವುದು ಅವನಿಗೆ ದಿನನಿತ್ಯದ ಮಾತು. ಪುಟ್ಟ ಸರಣಿಗಳಲ್ಲಿ, ವಿರಾಮದ ದಿನಗಳು ಹೆಚ್ಚಿರುವ ಅಕ್ಟೋಬರ್‌ನಲ್ಲಿ, ಇಂಥವನೊಬ್ಬ ಕೊನೆಯ ಇನಿಂಗ್ಸ್‌ಗಳನ್ನು ಬೀಗ ಹಾಕಿದಂತೆ ಮುಚ್ಚಬಲ್ಲ.

ಅಳುಕು ಬೇರೆ ಕಡೆಯಿದೆ. ತಂಡವೊಂದು ವರ್ಷಕ್ಕೆ ಎಸೆಯುವುದು ಸುಮಾರು 1,450 ಇನಿಂಗ್ಸ್. ರಿಲೀಫ್ ಪಿಚರ್‌ನ ಪಾಲಿಗೆ ಅದರಲ್ಲಿ ಬರುವುದು ಅರವತ್ತು, ಎಪ್ಪತ್ತು. ಸೋಟೊ ದಿನವೂ ಆಡುವವನು; ಮಿಲ್ಲರ್ ಹೆಚ್ಚಿನ ದಿನ ಬುಲ್‌ಪೆನ್ನಿನಲ್ಲಿ ಕೂತಿರುವವನು. ಅಷ್ಟು ವೇಗದಲ್ಲಿ ಎಸೆಯುವ ತೋಳು ನಾಲ್ಕು ವರ್ಷ ಸರಿಯಾಗಿ ಬಾಳುತ್ತದೆ ಎಂದು ಯಾವ ವೈದ್ಯನೂ ಬರೆದುಕೊಡುವುದಿಲ್ಲ. 2025ರಲ್ಲಿ ತಂಡ 90 ಗೆದ್ದು, ಮೊದಲ ಸುತ್ತಿನಲ್ಲೇ ಕಬ್ಸ್‌ಗೆ 2-1ರಿಂದ ಸೋತಿತು. ಇನ್ನೊಂದು ಮಾತು, 2022ರಲ್ಲಿ ಐವರನ್ನು ಕೊಟ್ಟಾಗಲೂ ಪ್ಯಾಡ್ರೆಸ್‌ನ ಮೈನರ್ ಲೀಗಿನಲ್ಲಿ ಜ್ಯಾಕ್ಸನ್ ಮೆರಿಲ್‌ನಂಥವನು ಉಳಿದಿದ್ದ. ಅವನೇ 2024ರಲ್ಲಿ ಬಂದು ಸೆಂಟರ್ ಫೀಲ್ಡ್ ತುಂಬಿದ. ಡಿ ವ್ರೀಸ್ ಹೋದ ಮೇಲೆ ಅವನ ಎತ್ತರಕ್ಕೆ ನಿಲ್ಲುವ ಇನ್ನೊಬ್ಬ ಬ್ಯಾಟರ್ ಅಲ್ಲಿ ನನಗೆ ಕಾಣಲಿಲ್ಲ.

ಪ್ರೆಲರ್ ಜಾಗದಲ್ಲಿ ನಾನಿದ್ದಿದ್ದರೆ ಸೋಟೊಗಾಗಿ ಐವರನ್ನು ಕೊಡುತ್ತಿದ್ದೆ, ಬೊಗಾರ್ಟ್ಸ್‌ಗೆ ಸಹಿ ಹಾಕುತ್ತಿರಲಿಲ್ಲ. ಡಿ ವ್ರೀಸ್‌ನನ್ನು ದಿನವೂ ಆಡುವ ಬ್ಯಾಟರ್‌ಗೋ ಐದು ದಿನಕ್ಕೊಮ್ಮೆ ಆರೇಳು ಇನಿಂಗ್ಸ್ ಎಸೆಯುವ ಪಿಚರ್‌ಗೋ ಆದರೆ ಕೊಡುತ್ತಿದ್ದೆ. ಒಂಬತ್ತನೇ ಇನಿಂಗ್ಸಿನ ಪಿಚರ್‌ಗಾಗಿ ಕೊಡುತ್ತಿರಲಿಲ್ಲ.